ಇಳಿಜಾರಿನಲ್ಲಿ ಒಂದು ಪಟ್

"ಈಗ ಬಂತಲ್ಲ, ಅದೇ. ಕೇಳಿಸ್ತಾ ಮೇಸ್ತ್ರಿ?" ಕಾರು ಓಡಿಸುತ್ತಿದ್ದ ಹಲ್ಲಿನ ಡಾಕ್ಟರು ಕೇಳಿದರು.

ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿ ಹೌದೆಂದು ತಲೆಯಾಡಿಸಿದ. ಅವನಿಗೆ ಏನೂ ಕೇಳಿಸಿರಲಿಲ್ಲ. ನೀರಿನ ಟ್ಯಾಂಕಿನ ಗುಡ್ಡದಿಂದ ಇಳಿಯುವ ಉದ್ದನೆಯ ರಸ್ತೆಯಲ್ಲಿ, ಬೆಳಗಿನ ಮಂಜಿನೊಳಗೆ, ಡಾಕ್ಟರ ಕೆಂಪು ಸ್ಪೋರ್ಟ್ಸ್ ಕಾರು ತೇಲಿದ ಹಾಗೆ ಹೋಗುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಸೈಲೆನ್ಸರಿನಲ್ಲಿ ಪಟಪಟನೆ ಸಿಡಿಯುವುದು ಆ ಕಾರಿನ ಹುಟ್ಟುಗುಣ. ಹರೆಯದ ಗಿರಾಕಿಗಳು ಮೆಚ್ಚುತ್ತಾರೆಂದು ತಯಾರಿಸಿದವರೇ ಕಾರಿನ ಕಂಪ್ಯೂಟರಿನಲ್ಲಿ ಬರೆದು ಕಳಿಸುವ ಸದ್ದು ಅದು.

ಡಾಕ್ಟರೂ ಒಂದು ಕಾಲಕ್ಕೆ ಮೆಚ್ಚಿದವರೇ. ಅವಳಿ ಮಕ್ಕಳು ಹುಟ್ಟಿದ ಮೇಲೆ ಪರಿಸ್ಥಿತಿ ಬದಲಾಯಿತು. ಕಾರು ಬೀದಿಗೆ ತಿರುಗಿದರೆ ಸಾಕು, ಎರಡೂ ಕೂಸುಗಳು ಒಟ್ಟಿಗೆ ಬೆಚ್ಚಿ ಅಳುತ್ತಿದ್ದವು. ಹಾಗಾಗಿ ಅವರು ತಿರುವಿನಲ್ಲೇ ಎಂಜಿನ್ ಆರಿಸಿ, ಅಷ್ಟು ದುಬಾರಿ ಕಾರನ್ನು ಕೈಯಲ್ಲಿ ತಳ್ಳಿಕೊಂಡು ಮನೆ ಸೇರುತ್ತಿದ್ದರು. ನೋಡಿದವರು ಪೆಟ್ರೋಲ್ ಮುಗಿದಿರಬೇಕು ಪಾಪ ಎಂದುಕೊಳ್ಳುತ್ತಿದ್ದರು.

"ನಮ್ಮನೆಯವಳು ಕಡ್ಡಿ ಮುರಿದ ಹಾಗೆ ಹೇಳ್ಬಿಟ್ಟಿದ್ದಾಳೆ," ಎಂದರು ಡಾಕ್ಟರು. "ಭಾನುವಾರದೊಳಗೆ ಸದ್ದು ಹೋಗ್ಬೇಕು, ಇಲ್ಲಾ ಕಾರು ಹೋಗ್ಬೇಕು. ದೊಡ್ಡ ಸದ್ದೆಲ್ಲ ನೀವು ನಿಲ್ಲಿಸಿದ್ರಿ, ನಿಜ. ಈ ಸಣ್ಣದೊಂದು ಪಟ್ ಅನ್ನೋದು ಮಾತ್ರ ಹಾಗೇ ಇದೆಯಲ್ಲ?"

ಕಂಪ್ಯೂಟರಿನಲ್ಲಿ ಆ ಸದ್ದಿನ ಲೆಕ್ಕಾಚಾರವನ್ನು ಮೇಸ್ತ್ರಿ ಆಗಲೇ ಅಳಿಸಿ ಹಾಕಿದ್ದ. ಆಮೇಲೆ ಎರಡು ಸಲ ತಿದ್ದಿ, ಎರಡು ಸಲವೂ "ಹೋಯ್ತು ಡಾಕ್ಟ್ರೇ" ಎಂದಿದ್ದ. ಈಗ ಮೂರನೆಯ ಸಲ ಹಾಗೆನ್ನಲು ನಾಲಿಗೆ ಏಳಲಿಲ್ಲ. "ಕಾರು ಬಿಟ್ಟುಹೋಗಿ, ನೋಡೋಣ," ಎಂದ.

ಊರಿಗೆಲ್ಲ ಅವನು ಕಿವಿ ಮೇಸ್ತ್ರಿ. ರಬ್ಬರ್ ನಳಿಗೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರಿನ ಹೊಗೆ ಕೊಳವೆಯ ಮೇಲೆ ಆಡಿಸಿದನೆಂದರೆ ಎಲ್ಲಿ ಗಾಳಿ ಸೋರುತ್ತಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಬೇರೆ ಗ್ಯಾರೇಜಿನವರು ಸೋಪುನೀರು ಹಚ್ಚಿ ಗುಳ್ಳೆ ಹುಡುಕುವುದನ್ನು ಕಂಡರೆ ಅವನಿಗೆ ನಗು. "ಕಿವಿ ಇಲ್ದೋರಿಗೆ ಸೋಪು," ಎನ್ನುತ್ತಿದ್ದ.

ಆದರೆ ಈಚಿನ ವರ್ಷಗಳಲ್ಲಿ ಸಣ್ಣ ಸದ್ದುಗಳು ಒಂದೊಂದಾಗಿ ಅವನನ್ನು ಬಿಟ್ಟುಹೋಗಿದ್ದವು. ಮೊದಲು ಹೋದದ್ದು ಹಕ್ಕಿಗಳ ಚಿಲಿಪಿಲಿ, ಆಮೇಲೆ ಕೆಟಲಿನ ಸೀಟಿ. ಎಡಗಿವಿಯಂತೂ ಹತ್ತಿ ತುರುಕಿದ ಹಾಗೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಿವಿ ಹೋದ ಕಿವಿ ಮೇಸ್ತ್ರಿಯ ಬಾಗಿಲಿಗೆ ಯಾರು ಬರುತ್ತಾರೆ? ಅವನಿಗೆ ಹೆದರಿಕೆಯಾಗಿತ್ತು.

ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ ಅವನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಅಂದು ಚಹಾ ತಂದುಕೊಟ್ಟವಳು, ಕಾರಿನ ಮುಂದೆ ಸುಮ್ಮನೆ ಕೂತಿದ್ದ ಗಂಡನನ್ನು ನೋಡಿ, "ರೀ, ನಾನೂ ಬರ್ತೀನಿ ನಡೀರಿ, ಗುಡ್ಡಕ್ಕೆ," ಎಂದಳು.

"ನೀನ್ಯಾಕೆ?"

"ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಒಂದ್ಸಲ ಕೆಂಪು ಕಾರಲ್ಲಿ ಕೂರಬಾರ್ದಾ?"

ಗುಡ್ಡದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ರಸ್ತೆಯ ಎರಡು ಬದಿಯ ಮರಗಳು ಇದ್ದೂ ಇಲ್ಲದ ಹಾಗಿದ್ದವು. ಮೇಸ್ತ್ರಿ ಕಾಲು ತೆಗೆದ. ಕಾರು ಹತ್ತಿಯ ಮೇಲೆ ಜಾರಿದಂತೆ ಇಳಿಯಿತು. ಅವನ ಎಡ ಹೆಗಲಿಗೆ ಹೆಂಡತಿಯ ಬೆರಳು ಒಮ್ಮೆ ಮೆತ್ತಗೆ ತಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೊಮ್ಮೆ.

"ಏನೇ ಅದು?"

"ಪಟ್ ಅಂದಾಗೆಲ್ಲ ತಟ್ತಿದ್ದೀನಿ."

ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಆಮೇಲೆ ಅವಳು ಅವನ ಕಡೆಗೆ ಬಾಗಿ, "ಮೊದಮೊದಲು ಜಾಣಗಿವುಡು ಅಂದ್ಕೊಂಡು ಬಯ್ತಿದ್ದೆ," ಎಂದಳು. "ಕೆಟಲು ಕೂಗಿ ಕೂಗಿ ನೀರೆಲ್ಲ ಇಂಗಿ ಸೀದುಹೋಯ್ತಲ್ಲ, ಆವತ್ತು ಗೊತ್ತಾಯ್ತು. ಎರಡು ವರ್ಷದಿಂದ ನಿಮ್ಮ ಬಲಗಡೆಗೇ ಬಂದು ಮಾತಾಡ್ತಿದ್ದೀನಿ. ಇವತ್ತು ಎಡಗಡೆ ಕೂತಿದ್ದೀನಿ, ಅದಕ್ಕೇ ಬೆರಳು."

ಮೇಸ್ತ್ರಿಗೆ ನಾಚಿಕೆಯೂ ಆಯಿತು, ಹೊತ್ತ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೂ ಆಯಿತು. ಎರಡು ವರ್ಷ ಅವಳು ತನ್ನ ಸುತ್ತ ಬಳಸಿ ಬಳಸಿ ನಡೆದದ್ದು ಅವನ ಕಣ್ಣಿಗೂ ಬಿದ್ದಿರಲಿಲ್ಲ. "ಸೋಪುನೀರು ಮಾಡಿಕೊಡ್ತೀಯಾ?" ಎಂದು ಕೇಳಿದ.

ಮರುದಿನ ಬೆಳಿಗ್ಗೆ ಕಾರನ್ನು ಮೇಲಕ್ಕೆತ್ತಿ, ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ಅವಳು ಬಟ್ಟಲಿನಲ್ಲಿ ಕಲಸಿಕೊಟ್ಟ ನೊರೆಯನ್ನು ಕುಂಚದಿಂದ ಕೊಳವೆಯುದ್ದಕ್ಕೂ ಹಚ್ಚಿದ. ಸೈಲೆನ್ಸರು ಕೂಡುವ ಕಡೆ ಗುಳ್ಳೆಗಳು ಎದ್ದವು. ಸಾಸಿವೆಯಷ್ಟು ಸಣ್ಣವು, ಎದ್ದು, ಬಣ್ಣ ತಿರುಗಿ, ಒಡೆದು, ಮತ್ತೆ ಏಳುತ್ತಿದ್ದವು. ಮೇಸ್ತ್ರಿ ಬಹಳ ಹೊತ್ತು ನೋಡಿದ. ತನಗೆ ಕೇಳಿಸದ ಸದ್ದು ಕಣ್ಣೆದುರಿಗೇ ಉಸಿರಾಡುತ್ತಿತ್ತು.

ಮೂರು ತಿಂಗಳ ಹಿಂದೆ, ಸದ್ದು ತಗ್ಗಲೆಂದು, ಆ ಸೈಲೆನ್ಸರನ್ನು ಕೂರಿಸಿದವನು ಅವನೇ. ನಳಿಗೆಯಿಟ್ಟು ಆಲಿಸಿ, ಸೋರಿಕೆ ಇಲ್ಲವೆಂದು ಎದೆ ತಟ್ಟಿ ಹೇಳಿದವನೂ ಅವನೇ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಆ ಸಂದಿನಿಂದ ಒಳಗೆ ಹೊಕ್ಕ ಗಾಳಿ, ಉರಿಯದೆ ಉಳಿದ ಪೆಟ್ರೋಲಿಗೆ ಸೇರಿ ಪಟ್ ಎನ್ನುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅವನು ಸುಮ್ಮನೆ ಕಂಪ್ಯೂಟರನ್ನು ಗೋಳುಹೊಯ್ದುಕೊಂಡಿದ್ದ.

ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟ್ ಕಿತ್ತು ಹೊಸದು ಕೂರಿಸಿ, ಬೋಲ್ಟು ಬಿಗಿದು, ಮತ್ತೆ ನೊರೆ ಹಚ್ಚಿದ. ನೊರೆ ಸುಮ್ಮನೆ ಕೂತಿತು.

"ಡಾಕ್ಟ್ರಿಗೆ ಏನಂತೀರಿ?" ಹೆಂಡತಿ ಬಲಗಡೆ ಬಂದು ಕೇಳಿದಳು.

"ಇದ್ದದ್ದನ್ನೇ. ತಪ್ಪು ನಂದು, ಕಿವಿ ಹೋಗಿದೆ, ಇನ್ಮೇಲೆ ಸೋಪು ಹಾಕಿ ನೋಡ್ತೀನಿ ಅಂತ." ಕುಂಚವನ್ನು ಬಟ್ಟಲಲ್ಲಿಟ್ಟು, "ಬರೋರು ಬರ್ತಾರೆ," ಎಂದ.

ಭಾನುವಾರ ಮಧ್ಯಾಹ್ನ ಇಬ್ಬರೂ ಕಾರು ಒಪ್ಪಿಸಲು ಹೋದರು. ತಿರುವಿನಲ್ಲಿ ಅವನು ಎಂಜಿನ್ ಆರಿಸಲಿಲ್ಲ. ಕಾಲು ಮಾತ್ರ ತೆಗೆದ. ಬಿಸಿಲಿನ ಬೀದಿಯಲ್ಲಿ ಕಾರು ತಾನೇ ತಾನಾಗಿ ಸಾಗಿತು. ದೂರದ ಗೇಟಿನ ಬಳಿ ಡಾಕ್ಟರು ಎರಡು ಹೆಗಲ ಮೇಲೂ ಒಂದೊಂದು ಕೂಸನ್ನು ಮಲಗಿಸಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದರು. ಮೇಸ್ತ್ರಿ ಅವರ ಕಡೆ ನೋಡಲಿಲ್ಲ. ಗೇಟು ಮುಟ್ಟುವ ತನಕ ಹೆಂಡತಿಯ ಬೆರಳು ಅವನ ಹೆಗಲ ಮೇಲೆ ಅಲ್ಲಾಡದೆ ಹಾಗೇ ಇತ್ತು.