ಎಡಗಡೆಯ ಅತಿಥಿ

ಆ ಫೋಟೋ ಕೂಟದಲ್ಲಿ ಒಂದು ಪದಕ್ಕೆ ಪ್ರವೇಶವಿರಲಿಲ್ಲ. ಆ ಪದ ‘ಯಾಕೆ’. ‘ಚೆನ್ನಾಗಿಲ್ಲ’ ಎನ್ನುವುದಕ್ಕೂ ಅಡ್ಡಿಯಿತ್ತು ನಿಜ, ಆದರೆ ಅದನ್ನು ಸುತ್ತಿ ಬಳಸಿ ಹೇಳಲು ಬೇಕಾದಷ್ಟು ದಾರಿಗಳಿದ್ದವು. ‘ಯಾಕೆ’ಗೆ ಮಾತ್ರ ಕ್ಷಮೆಯೇ ಇಲ್ಲ. ಯಾಕೆ ಇಲ್ಲಿಂದ ತೆಗೆದಿರಿ, ಯಾಕೆ ಓರೆಯಾಗಿದೆ ಎಂದು ಕೇಳುತ್ತ ಹೋದರೆ ತೆಗೆದವರಿಗೆ ಪೊಲೀಸ್ ಠಾಣೆಯಲ್ಲಿ ಕೂತ ಹಾಗಾಗುತ್ತದೆ ಎಂಬುದು ಕೂಟ ಕಟ್ಟಿದ ಹಲ್ಲಿನ ಡಾಕ್ಟರಮ್ಮನ ವಾದ. ಮೊದಮೊದಲು ಹಾಗೆ ಕೇಳಿಸಿಕೊಂಡ ಇಬ್ಬರು ಮತ್ತೆ ಈ ಕಡೆ ತಲೆಯನ್ನೇ ಹಾಕಿರಲಿಲ್ಲ. ಅಂದಿನಿಂದ, ಬಾಯಿ ತಪ್ಪಿ ‘ಯಾಕೆ’ ಅಂದವರು ಅವತ್ತಿನ ಟೀ ಲೋಟಗಳನ್ನೆಲ್ಲ ತೊಳೆಯಬೇಕು. ಆ ಪದವಿಲ್ಲದೆಯೂ ಕೂಟ ಚೆನ್ನಾಗಿಯೇ ನಡೆಯುತ್ತಿತ್ತು. ಯಾರಿಗೂ ನೋವಿಲ್ಲ, ಎಲ್ಲರ ಫೋಟೋದಲ್ಲೂ ಏನಾದರೊಂದು ಹಿಡಿಸಿಯೇ ಹಿಡಿಸುತ್ತಿತ್ತು.

ಭಾನುವಾರ ಕ್ಲಿನಿಕ್ಕಿಗೆ ರಜೆ. ವಾರವೆಲ್ಲ ರೋಗಿಗಳು ಕೆನ್ನೆ ಹಿಡಿದುಕೊಂಡು ಕಾಯುವ ಕುರ್ಚಿಗಳಲ್ಲಿ ಅಂದು ಮಧ್ಯಾಹ್ನ ಡಾಕ್ಟರಮ್ಮ, ಪೇಂಟ್ ಅಂಗಡಿಯ ಯಜಮಾನ, ಗ್ರಂಥಾಲಯದ ಮೇಡಂ ಮತ್ತು ವ್ಯಾನ್ ಮಾಮ ಕೂರುತ್ತಿದ್ದರು. ಗೋಡೆಯ ಟಿವಿಯಲ್ಲಿ ಒಂದೊಂದೇ ಫೋಟೋ ಬರುತ್ತಿತ್ತು.

ವ್ಯಾನ್ ಮಾಮ ಶಾಲೆಯ ವ್ಯಾನ್ ಓಡಿಸುವವನು. ಮಕ್ಕಳು ಇಟ್ಟ ಹೆಸರು; ಈಗ ಅವನಿಗಿಂತ ವಯಸ್ಸಾದವರೂ ಹಾಗೇ ಕರೆಯುತ್ತಾರೆ. ಬೆಳಗ್ಗೆ ಮಕ್ಕಳನ್ನು ಬಿಟ್ಟ ಮೇಲೆ ಸಂಜೆ ಕರೆತರುವವರೆಗೆ ಬಿಡುವೋ ಬಿಡುವು. ಮಗಳು ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ ಕ್ಯಾಮೆರಾ ಆ ಬಿಡುವನ್ನೆಲ್ಲ ನುಂಗಿ ಹಾಕಿತ್ತು. ಅವನದು ಹಳೇ ಕಾಲದ ಪಟ್ಟು. ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾದ ಸಣ್ಣ ಕಿಂಡಿಗೆ ಒತ್ತಿ, ನಡುವೆ ಇರುವ ಮುಖದ ಮೇಲೆ ನೋಟ ನೆಟ್ಟು ಉಸಿರು ಹಿಡಿದು ಒತ್ತುವುದು. ಕ್ಯಾಮೆರಾದ ಬೆನ್ನಿನ ಪರದೆ ನೋಡಿಕೊಂಡು ಫೋಟೋ ತೆಗೆಯುವುದೆಂದರೆ ಅವನ ಪ್ರಕಾರ ಕನ್ನಡಿ ನೋಡಿಕೊಂಡು ಊಟ ಮಾಡಿದ ಹಾಗೆ.

ಈಚೆಗೆ ಅವನ ಫೋಟೋಗಳಲ್ಲಿ ಒಂದು ವಿಚಿತ್ರ ಸೇರಿಕೊಂಡಿತ್ತು. ಎಡ ಅಂಚಿನಲ್ಲಿ ಏನಾದರೊಂದು ಬಂದು ನಿಂತಿರುತ್ತಿತ್ತು. ನಾಯಿಯ ಅರ್ಧ ದೇಹ, ಯಾರದೋ ಮೊಣಕೈ, ಸೈಕಲ್ಲಿನ ಚಕ್ರ. ಮೊದಲ ಸಲ ಅದನ್ನು ಟಿವಿಯಲ್ಲಿ ನೋಡಿ ಅವನೇ ಕಕ್ಕಾಬಿಕ್ಕಿಯಾಗಿ, “ನಾನು ಒತ್ತುವಾಗ ಇರ್ಲಿಲ್ಲ, ಆಮೇಲೆ ಬಂದು ಸೇರ್ಕೊಂಡಿದೆ” ಅಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೇಂಟ್ ಯಜಮಾನ ಅದಕ್ಕೆ ‘ಎಡಗಡೆಯ ಅತಿಥಿ’ ಎಂದು ನಾಮಕರಣ ಮಾಡಿದ. ಡಾಕ್ಟರಮ್ಮ ಮಾತ್ರ ತಲೆ ಓರೆ ಮಾಡಿ ನೋಡಿ, “ಚೌಕಟ್ಟಿನ ಆಚೆಗೂ ಜೀವನ ಇದೆ ಅಂತ ಹೇಳೋ ಹಾಗಿದೆ. ಇದು ನಿಮ್ಮ ಶೈಲಿ, ಬಿಡಬೇಡಿ” ಎಂದಿದ್ದರು. ಅಷ್ಟು ಸಾಕಾಯಿತು. ವ್ಯಾನ್ ಮಾಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದುವರೆಗೆ ಅವನನ್ನು ಯಾರೂ ಶೈಲಿ ಇರುವ ಮನುಷ್ಯ ಅಂದಿರಲಿಲ್ಲ.

ಆ ಭಾನುವಾರ ಅಕ್ಕನನ್ನೂ ಕರೆತಂದಿದ್ದ. ಬೇರೆ ಊರಿನಿಂದ ನಾಲ್ಕು ದಿನ ಇರಲು ಬಂದವಳು. ತನ್ನನ್ನು ಜನ ಹೊಗಳುವುದನ್ನು ಅವಳೂ ಒಮ್ಮೆ ಕಿವಿಯಾರೆ ಕೇಳಲಿ ಎಂಬ ಆಸೆ, ಮತ್ತೇನಿಲ್ಲ. ದಾರಿಯಲ್ಲೇ ಎಚ್ಚರಿಸಿದ್ದ: “ಅಲ್ಲಿ ಸುಮ್ನೆ ಕೂತಿರು, ಬಾಯಿ ಬಿಡ್ಬೇಡ.” ಅಕ್ಕ ಹೊಲಿಗೆ ಅಂಗಡಿ ನಡೆಸಿದವಳು. ಬಟ್ಟೆಯಲ್ಲಿ ಸೊಟ್ಟ ಕಂಡರೆ ಸೊಟ್ಟ ಅನ್ನುವವಳು, ತೊಟ್ಟವರು ಯಾರೇ ಇರಲಿ.

ಟಿವಿಯಲ್ಲಿ ಅವನ ಈ ವಾರದ ಫೋಟೋ ಬಂತು. ಬಲೂನು ಮಾರುವವನೊಬ್ಬ ತನ್ನ ಬಲೂನುಗಳ ನಡುವೆ ಹಲ್ಲು ಕಿಸಿದು ನಗುತ್ತಿದ್ದಾನೆ. ಎಡಕ್ಕೆ, ಮೇಲಿನಿಂದ ಕೆಳಗಿನವರೆಗೆ, ದಪ್ಪನೆಯ ಒಂದು ದೀಪದ ಕಂಬ.

“ಹಿಡಿಸಿದ್ದನ್ನ ಮೊದಲು ಹೇಳಿ,” ಎಂದರು ಡಾಕ್ಟರಮ್ಮ.

“ಆ ನಗು ನೋಡ್ರೀ! ಇಂಥ ಕೆಂಪು ನಮ್ಮ ಅಂಗಡೀಲೂ ಸಿಗಲ್ಲ,” ಎಂದ ಪೇಂಟ್ ಯಜಮಾನ.

“ಕಂಬ ಇರೋದ್ರಿಂದ ಪುಸ್ತಕಕ್ಕೆ ರಟ್ಟು ಹಾಕಿದ ಹಾಗಿದೆ,” ಎಂದರು ಗ್ರಂಥಾಲಯದ ಮೇಡಂ.

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು. “ಈ ಸಲದ ಅತಿಥಿ ಸ್ವಲ್ಪ ದಪ್ಪ. ಒಂದು ಹೆಜ್ಜೆ ಬಲಕ್ಕೆ ಸರಿದಿದ್ರೆ ಇನ್ನೂ ಚೆಂದ ಇರ್ತಿತ್ತೇನೋ.” ಆ ಕೂಟದಲ್ಲಿ ಇದಕ್ಕಿಂತ ಕಟುವಾದ ಮಾತಿಲ್ಲ.

“ನಾನು ಒತ್ತುವಾಗ ಇರ್ಲಿಲ್ಲ ಡಾಕ್ಟ್ರೇ, ಆಮೇಲೆ ಬಂತು,” ಎಂದ ವ್ಯಾನ್ ಮಾಮ ಎಂದಿನಂತೆ. ಎಲ್ಲರೂ ಎಂದಿನಂತೆ ನಕ್ಕರು.

ಅಕ್ಕ ನಗಲಿಲ್ಲ. “ಅಲ್ಲ ಕಣೋ, ಕಂಬ ಹೇಗೆ ಆಮೇಲೆ ಬರುತ್ತೆ? ಅದಕ್ಕೇನು ಕಾಲಿದ್ಯಾ?”

“ತಮಾಷೆಗೆ ಅಂದೆ ಅಕ್ಕ.”

“ತಮಾಷೆ ಹಾಗಿರ್ಲಿ. ಒತ್ತುವಾಗ ನಿಂಗೆ ಅದು ಕಾಣಿಸ್ತಾ, ಇಲ್ವಾ?”

“ಕಾಣಿಸಿದ್ರೆ ಸೇರಿಸ್ತಿದ್ನಾ?” ಎಂದು ಬಾಯಿಗೆ ಬಂದದ್ದು ಆಡಿಬಿಟ್ಟ. ಶೈಲಿಯ ಮಾನ ಹೋಯಿತಲ್ಲ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡ.

“ಇಷ್ಟು ದಪ್ಪ ಕಂಬ ಎದುರಿಗೇ ಇತ್ತು. ಯಾಕೆ ಕಾಣಿಸ್ಲಿಲ್ಲ?”

“ಅಕ್ಕ, ‘ಯಾಕೆ’ ಅಂದ್ರಿ!” ಪೇಂಟ್ ಯಜಮಾನ ಚಪ್ಪಾಳೆ ತಟ್ಟಿದ. “ಲೋಟ ಇವತ್ತು ನಿಮ್ದೇ.”

“ತೊಳೆಯೋಣ ಬಿಡಪ್ಪ, ಲೋಟ ತೊಳೆದ್ರೆ ಸವೆದು ಹೋಗಲ್ಲ ನಾನು. ನೀನು ಹೇಳೋ, ಯಾಕೆ ಕಾಣಿಸ್ಲಿಲ್ಲ?”

ವ್ಯಾನ್ ಮಾಮನಿಗೆ ಮೈಯೆಲ್ಲ ಉರಿದು ಹೋಯಿತು. ಹೊಗಳಿಕೆ ಕೇಳಿಸಲು ಕರೆತಂದರೆ ನಾಲ್ಕು ಜನರೆದುರು ಮರ್ಯಾದೆ ತೆಗೆಯುತ್ತಿದ್ದಾಳೆ. ಚೀಲದಿಂದ ಕ್ಯಾಮೆರಾ ಎಳೆದು ಎದ್ದು ನಿಂತ. “ತಗೋ, ಇಲ್ಲೇ ತೆಗೆದು ತೋರಿಸ್ತೀನಿ. ನೀನೇ ನೋಡು ಕಾಣುತ್ತೋ ಇಲ್ವೋ ಅಂತ.”

ಮೂವರೂ ಎದುರಿನ ಕುರ್ಚಿಗಳಲ್ಲಿ ನೆಟ್ಟಗೆ ಕೂತರು. ನಡುವೆ ಡಾಕ್ಟರಮ್ಮ, ಅವನ ಬಲಕ್ಕೆ ಪೇಂಟ್ ಯಜಮಾನ, ಎಡಕ್ಕೆ ಗ್ರಂಥಾಲಯದ ಮೇಡಂ. ಅವನು ಎಡಗಣ್ಣು ಮುಚ್ಚಿ, ಕಿಂಡಿಗೆ ಕಣ್ಣಿಟ್ಟು, ಡಾಕ್ಟರಮ್ಮನ ಮೂಗಿನ ಮೇಲೆ ನೋಟ ನೆಟ್ಟ.

“ನೋಟ ಅಲ್ಲೇ ಇರ್ಲಿ,” ಎಂದಳು ಅಕ್ಕ. “ಏನೇನು ಕಾಣುತ್ತೆ ಹೇಳು.”

“ಡಾಕ್ಟ್ರಮ್ಮ. ಈ ಕಡೆ ನಮ್ಮ ಯಜಮಾನ್ರು, ಹೊಟ್ಟೆ ಸಮೇತ. ಆ ಕಡೆ ಗೋಡೆ.”

“ಗೋಡೆ ಅಷ್ಟೇನಾ?”

“ಬರೀ ಗೋಡೆ.”

ಯಾರೂ ನಗಲಿಲ್ಲ. ಅದೇ ಅವನಿಗೆ ಮೊದಲು ವಿಚಿತ್ರವೆನಿಸಿದ್ದು. ಇಂಥ ಮಾತಿಗೆ ನಗದೆ ಬಿಡುವ ಕೂಟವಲ್ಲ ಅದು. ಆಮೇಲೆ ಆ ಬರೀ ಗೋಡೆ ಮಾತಾಡಿತು.

“ವ್ಯಾನ್ ಮಾಮ, ನಾನು ಕೈ ಬೀಸ್ತಾ ಇದ್ದೀನಿ,” ಎಂದಿತು ಗ್ರಂಥಾಲಯದ ಮೇಡಂ ದನಿ. “ಎರಡೂ ಕೈ.”

ಅವನು ಕಣ್ಣನ್ನು ಎಡಕ್ಕೆ ಹೊರಳಿಸಿದ. ಮೇಡಂ ಇದ್ದರು, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು. ಕಣ್ಣನ್ನು ಮತ್ತೆ ನಡುವಿಗೆ ತಂದ. ಮೇಡಂ ಇಲ್ಲ. ಕಪ್ಪಾಗಿ ಅಲ್ಲ, ಮಬ್ಬಾಗಿ ಅಲ್ಲ. ಅಲ್ಲಿ ಯಾರೂ ಯಾವತ್ತೂ ಕೂತೇ ಇರಲಿಲ್ಲವೇನೋ ಎಂಬಷ್ಟು ಸಹಜವಾಗಿ ಗೋಡೆಯ ಬಣ್ಣ ಹರಡಿಕೊಂಡಿತ್ತು. ಹೊರಳಿಸಿದ, ಇದ್ದರು. ತಂದ, ಇಲ್ಲ. ಕ್ಯಾಮೆರಾ ಕೆಟ್ಟಿರಬೇಕು ಎಂದುಕೊಂಡು ಅದನ್ನು ಕೆಳಗಿಳಿಸಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬರಿಗಣ್ಣಲ್ಲಿ ನೋಡಿದ. ಆಗಲೂ ಇಲ್ಲ. ಪಕ್ಕದ ಕುರ್ಚಿ ಸಿಕ್ಕಿತು, ಕೂತುಬಿಟ್ಟ.

“ನಾನು ಅದನ್ನ ಶೈಲಿ ಅಂದ್ಕೊಂಡಿದ್ದೆ,” ಎಂದರು ಡಾಕ್ಟರಮ್ಮ. ಮತ್ತೆ, “ಶೈಲಿ ಅಂದ್ಕೊಂಡಿದ್ದೆ ನಾನು. ಬಿಡಬೇಡಿ ಅಂತ ಬೇರೆ ಹೇಳಿದ್ದೆ,” ಎಂದರು. ಅಕ್ಕ ತಮ್ಮನ ಭುಜದ ಮೇಲೆ ಕೈಯಿಟ್ಟಳು.

ಅವರ ಮುಖಗಳನ್ನು ನೋಡಲಾಗದೆ ಅವನು ಗೋಡೆಯತ್ತ ತಿರುಗಿದ. ಅಲ್ಲಿ, ಹಲ್ಲುಜ್ಜುವ ಕ್ರಮ ತೋರಿಸುವ ಚಿತ್ರದ ಪಕ್ಕ, ಅವನದೇ ಫೋಟೋ ಚೌಕಟ್ಟಿನೊಳಗೆ ತೂಗುತ್ತಿತ್ತು. ಕೂಟದ ತಿಂಗಳ ಮೆಚ್ಚಿನ ಫೋಟೋ. ಶಾಲೆಯ ಗೇಟಿನೆದುರು ವ್ಯಾನಿನಿಂದ ಇಳಿದ ಮಕ್ಕಳು ಅವನಿಗೆ ಕೈ ಬೀಸಿ ಕೂಗುತ್ತಿದ್ದಾರೆ. ಎಡ ಅಂಚಿನಲ್ಲಿ ವ್ಯಾನಿನ ಮುಂದಿನ ಚಕ್ರ. ಚಕ್ರಕ್ಕೆ ತಾಗಿದಂತೆ ಕುಕ್ಕರುಗಾಲಲ್ಲಿ ಕೂತ ಒಬ್ಬಳು ಪುಟ್ಟ ಹುಡುಗಿ. ಬಿದ್ದ ಬಣ್ಣದ ಪೆನ್ಸಿಲ್ಲುಗಳನ್ನು ಆಯ್ದುಕೊಳ್ಳುತ್ತಿದ್ದಾಳೆ, ಬೆನ್ನು ಮತ್ತು ಎರಡು ಜಡೆ ಮಾತ್ರ ಕಾಣುತ್ತವೆ. ಎಲ್ಲರೂ ಕೂಗಾಡುವಾಗ ಒಬ್ಬಳದು ಬೇರೆಯೇ ಲೋಕ ಎಂದು ಡಾಕ್ಟರಮ್ಮ ಬಾಯ್ತುಂಬ ಹೊಗಳಿದ್ದರು. ಅವನೂ ಆ ಹುಡುಗಿಯನ್ನು ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದ್ದ, ನಮ್ಮ ಅತಿಥಿ ಎಂದು.

ಆ ಬೆಳಗ್ಗೆ ಏನಾಗಿತ್ತೆಂದು ಈಗ ನೆನೆದ. ಮಕ್ಕಳು ಕೈ ಬೀಸಿದರು. ಅವನು ನಗುತ್ತ ಒತ್ತಿದ. ಕ್ಯಾಮೆರಾವನ್ನು ಕೊರಳಿಗೆ ಜೋತು ಹಾಕಿಕೊಂಡು ವ್ಯಾನ್ ಹತ್ತಿದ, ಕೀಲಿ ತಿರುಗಿಸಿದ, ಹೊರಟ.

ಆ ಹುಡುಗಿ ಯಾವಾಗ ಎದ್ದಳು? ಅವನಿಗೆ ಗೊತ್ತಿರಲಿಲ್ಲ. ತಾನಾಗಿ ಎದ್ದಳೋ, ಇಂಜಿನ್ ಸದ್ದಿಗೆ ಬೆಚ್ಚಿ ಎದ್ದಳೋ, ಯಾರಾದರೂ ಎಳೆದುಕೊಂಡರೋ, ಒಂದೂ ಗೊತ್ತಿರಲಿಲ್ಲ. ಅಂದು ಸಂಜೆ ವ್ಯಾನಿನ ಎಂದಿನ ಜಾಗದಲ್ಲಿ ಕೂತು ಮನೆಗೆ ಹೋಗಿದ್ದಳು, ಅಷ್ಟು ಗೊತ್ತು.

ಮರುದಿನ ಬೆಳಗ್ಗೆ ಪಕ್ಕದ ಬೀದಿಯ ಚಾಲಕನೊಬ್ಬನ ಕೈಕಾಲು ಹಿಡಿದು ವ್ಯಾನ್ ಒಪ್ಪಿಸಿ, ಅಕ್ಕನ ಜೊತೆ ಕಣ್ಣಿನ ಆಸ್ಪತ್ರೆಗೆ ಹೋದ. ಕತ್ತಲೆ ಕೋಣೆಯಲ್ಲಿ ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಬೆಳಕಿನ ಚುಕ್ಕಿ ಕಂಡಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದ, ಒತ್ತಿದ, ಆಮೇಲೆ ಕಾದ. ತುಂಬ ಹೊತ್ತು ಕಾದ.

“ಮಷೀನ್ ನಿಂತೋಯ್ತೇನಮ್ಮಾ?” ಎಂದು ಕೇಳಿದ.

“ಇಲ್ಲ ಸರ್,” ಎಂದಳು ಪರೀಕ್ಷೆ ಮಾಡುವ ಹುಡುಗಿ ಮೆಲ್ಲಗೆ. “ಲೈಟ್ ಬರ್ತಾನೇ ಇದೆ.”

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಾಗಿರಲಿಲ್ಲ. ಕಣ್ಣೊಳಗಿನ ಒತ್ತಡ ಏರಿ ನರ ಸಾಯುತ್ತ ಬಂದಿದೆ. ಬಲಗಣ್ಣು ತುಂಬ ಕೆಟ್ಟಿದೆ, ಎಡಗಣ್ಣಲ್ಲೂ ಪಕ್ಕದ ನೋಟ ಹೋಗುತ್ತಿದೆ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಪಾಡಬಹುದು.

“ನೋವೇ ಇರ್ಲಿಲ್ಲವಲ್ಲ ಸಾರ್.”

“ಇರಲ್ಲ. ಕಾಣದೇ ಇರೋ ಜಾಗನ ಮಿದುಳು ತಾನೇ ತುಂಬಿಸ್ಕೊಂಡ್ಬಿಡುತ್ತೆ. ನೀವೇನು ಕೆಲಸ ಮಾಡ್ತೀರಿ?”

“ಶಾಲೆ ವ್ಯಾನ್ ಓಡಿಸ್ತಾನೆ,” ಎಂದು ಅಕ್ಕ ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವನು ಶಾಲೆಯ ಹೆಡ್‌ಮಿಸ್‌ಗೆ ಫೋನು ಮಾಡಿದ. ವ್ಯಾನ್ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರದು. ಅದಕ್ಕಿಂತ ಹೆಚ್ಚಾಗಿ, ಬೆಳಗ್ಗೆ ಆ ಮಕ್ಕಳ ಗಲಾಟೆಯಿಲ್ಲದೆ ದಿನ ಶುರುವಾಗುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅಕ್ಕ ಪಕ್ಕದಲ್ಲೇ ಕೂತಿದ್ದಳು.

“ಮೇಡಂ, ಇನ್ಮೇಲೆ ನಾನು ವ್ಯಾನ್ ಓಡಿಸಲ್ಲ.”

ಹೆಡ್‌ಮಿಸ್ ಗಾಬರಿಯಾದರು. “ಏನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ? ಪರೀಕ್ಷೆ ಟೈಮಲ್ಲಿ ಹೀಗೆ ಕೈ ಕೊಟ್ರೆ ಹೇಗೆ?”

“ಕಣ್ಣು ಸರಿಯಿಲ್ಲ ಮೇಡಂ. ಡಾಕ್ಟ್ರು ಬೇಡ ಅಂದಿದ್ದಾರೆ.”

“ಅಯ್ಯೋ, ಕನ್ನಡಕ ಹಾಕ್ಕೊಂಡ್ರಾಯ್ತಪ್ಪ. ಈ ವಾರ ಒಂದು ಹೇಗಾದ್ರೂ ನಡೆಸ್ಕೊಡಿ. ನಿಮ್ಗೇನು, ಕಣ್ಮುಚ್ಕೊಂಡು ಓಡಿಸ್ತೀರಿ ಆ ದಾರೀಲಿ.”

ವ್ಯಾನ್ ಮಾಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಹೌದು ಮೇಡಂ,” ಎಂದ. “ಇಷ್ಟು ದಿನ ಹಾಗೇ ಓಡಿಸಿದ್ದು.”