ದೇವರ ಹೂವಿಗೆ ಬಳ್ಳೊಳ್ಳಿ ನೀರು

ಮರಾಠಿ ಸೀಮೆಯ ಕೋಥರೂಡದ ಆ ಸೊಸೈಟಿಯಲ್ಲಿ ಕನ್ನಡದಲ್ಲಿ ಮಾತಾಡಬೇಕೆಂಬ ಆಸೆ ಉಳಿದಿದ್ದವರು ಇಬ್ಬರೇ. ಒಬ್ಬ ನೆಲಮಹಡಿಯ ಸಂಕಪ್ಪ. ದೌಂಡದಲ್ಲಿ ರೈಲ್ವೆ ಗುಮಾಸ್ತನಾಗಿದ್ದು, ನಿವೃತ್ತಿಯಾದ ಮೇಲೆ ಇಲ್ಲಿ ಫ್ಲ್ಯಾಟು ಹಿಡಿದವನು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಇನ್ನೊಬ್ಬರು ಮೂರನೆಯ ಮಹಡಿಯ ರಾಧಾಬಾಯಿ, ಧಾರವಾಡದ ಕಡೆಯವರು. ಅವರೂ ಗಂಡನನ್ನು ಕಳೆದುಕೊಂಡವರೇ. ಮಗ, ಸೊಸೆ ಸ್ನೇಹಲ್ ಮನೆಯಲ್ಲಿ ಆಡುವುದೆಲ್ಲ ಮರಾಠಿ. ಆಕೆ ಒಳ್ಳೆಯ ಹುಡುಗಿ, ಆದರೆ ಅತ್ತೆ ಎಲ್ಲಿಗೆ ಹೋದರೂ ಏಕೆ ಎಂದು ಕೇಳದೆ ಬಿಡುವವಳಲ್ಲ.

ಸಂಕಪ್ಪನ ಬಾಗಿಲೆದುರು ಎರಡು ಹೊರಸು ಹಾಸುವಷ್ಟು ಹುಲ್ಲಿತ್ತು. ಅದನ್ನು ಆತ ಬಲು ಗತ್ತಿನಿಂದ ಲಾನ್ ಎನ್ನುತ್ತಿದ್ದ. ಅದರ ಅಂಚಿಗೆ ಗರಿಕೆ, ಗೋಡೆಗೆ ಕೆಂಪು ದಾಸವಾಳ. ದಿನಾ ಬೆಳಿಗ್ಗೆ ರಾಧಾಬಾಯಿ ಬುಟ್ಟಿ ಹಿಡಿದು ಪೂಜೆಗೆ ಹೂವು, ಗರಿಕೆ ಕೊಯ್ಯಲು ಬರುತ್ತಿದ್ದರು. ಹೂವು ಬೇಗ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಅಷ್ಟು ಬಿಟ್ಟರೆ ಸಂಕಪ್ಪನ ದಿನದಲ್ಲಿ ಮಾತೆಂಬುದೇ ಇಲ್ಲ. ಹಾಲಿನವನಿಗೆ ‘ಅರ್ಧಾ ಲೀಟರ್’ ಅನ್ನುವುದೂ ಮಾತಾದರೆ, ಅದೊಂದಿತ್ತು.

ಆ ವರ್ಷ ಆಷಾಢದಲ್ಲಿ ಮಳೆ ಕೈಕೊಟ್ಟಿತು. ದಾಸವಾಳದ ಮೊಗ್ಗಿಗೆಲ್ಲ ಬಿಳಿ ಹಿಟ್ಟಿನಂಥ ಹುಳ ಮೆತ್ತಿಕೊಂಡು, ಮೊಗ್ಗು ಅರಳುವ ಮೊದಲೇ ಉದುರತೊಡಗಿತು. ಹುಲ್ಲಿಗೂ ಹುಳ ಬಿತ್ತು. ರಾಧಾಬಾಯಿ ಬರಿ ಬುಟ್ಟಿ ಹಿಡಿದು ಹಿಂದಿರುಗಿದ ದಿನ ಸಂಕಪ್ಪನಿಗೆ ಅನ್ನ ಇಳಿಯಲಿಲ್ಲ. ಹೂವಿಲ್ಲದಿದ್ದರೆ ಅವರೇಕೆ ಬರುತ್ತಾರೆ?

ಅಂಗಡಿಯ ವಿಷದ ಔಷಧ ದೇವರ ಹೂವಿಗೆ ಹೊಡೆಯುವುದೇ? ಛೇ. ಬೇವಿನೆಲೆ ಕುದಿಸಿ ಹಾಕಿ ನೋಡಿದ. ಹುಳಗಳು ಕ್ಯಾರೇ ಅನ್ನಲಿಲ್ಲ. ಆಗ ಒಂದು ಸಂಜೆ ಹಿಡಿ ಬಳ್ಳೊಳ್ಳಿ, ಹಿಡಿ ಹಸಿಮೆಣಸಿನಕಾಯಿ ಕಲ್ಲಿನ ಮೇಲೆ ಅರೆದು ನೀರಿನಲ್ಲಿ ನೆನೆಹಾಕಿದ. ಬೆಳಗಾದ ಮೇಲೆ ಹಳೇ ಪಂಚೆಯಲ್ಲಿ ಸೋಸಿ, ಅಂಟಿಕೊಳ್ಳಲೆಂದು ಬಟ್ಟೆ ಸೋಪು ಕೆರೆದು ಹಾಕಿ ಕಲಕಿ, ರಂಗಪಂಚಮಿಯ ಪಿಚಕಾರಿಯಿಂದ ಗಿಡಕ್ಕೂ ಹುಲ್ಲಿಗೂ ಹೊಡೆದ. ಕೈ ಉರಿ, ಕಣ್ಣುರಿ, ಮೂರು ಸಲ ಸೀನು. ಆದರೆ ನಾಲ್ಕಾರು ಸಲ ಹೊಡೆಯುವಷ್ಟರಲ್ಲಿ ಹುಳ ಕಾಲಿಗೆ ಬುದ್ಧಿ ಹೇಳಿತು. ಗಿಡದ ತುಂಬ ಹೂವು.

“ಏನ್ ಜಾದೂ ಮಾಡೀರಿ ಸಂಕಪ್ಪನವರ?” ಎಂದು ರಾಧಾಬಾಯಿ ಬುಟ್ಟಿ ತುಂಬಿಕೊಂಡರು. ಆತ ಚಿಕ್ಕ ಹುಡುಗನ ಹಾಗೆ ಉಬ್ಬಿಹೋದ.

ಉಬ್ಬಿದ್ದು ಇಳಿದದ್ದು ಶ್ರಾವಣದಲ್ಲಿ. ವಿಜಾಪುರದಿಂದ ಬಂದವರೊಬ್ಬರು ಶೇಂಗಾ ಚಟ್ನಿಪುಡಿ ಕೊಟ್ಟಿದ್ದರು. ಅದರಲ್ಲಿ ಒಂದಿಷ್ಟನ್ನು ಸಂಕಪ್ಪ ರಾಧಾಬಾಯಿಯವರ ಮುಂದೆ ಹಿಡಿದ.

“ಅಯ್ಯ, ಬ್ಯಾಡ್ರಿ. ಚಾತುರ್ಮಾಸ ಅಲ್ಲೇನ್ರಿ? ನಾಲ್ಕ ತಿಂಗಳ ಉಳ್ಳಾಗಡ್ಡಿ, ಬಳ್ಳೊಳ್ಳಿ ನಮ್ಮನ್ಯಾಗ ನಡ್ಯೂದಿಲ್ಲ.”

ಸಂಕಪ್ಪ ಚಟ್ನಿಪುಡಿಯನ್ನು ಹಿಂದಕ್ಕೆಳೆದುಕೊಂಡ. ಅವನ ಮನೆಯಲ್ಲಿ ಬಳ್ಳೊಳ್ಳಿ ಇಲ್ಲದೆ ಪಲ್ಯವೇ ಆಗದು. ಅದು ದೇವರಿಗೆ ಆಗದ್ದೆಂದು ಅರೆಯುವಾಗ ತಲೆಗೆ ಹೊಳೆದೇ ಇರಲಿಲ್ಲ. ರಾಧಾಬಾಯಿ ತನ್ನ ಹೂವನ್ನು ದಿನಾ ದೇವರ ತಲೆಯ ಮೇಲಿಡುತ್ತಿದ್ದಾರೆ! ಹೇಳಿದರೆ ನಾಳೆಯಿಂದ ಬರುವುದಿಲ್ಲ. ಹೇಳದಿದ್ದರೆ ಅವರ ವ್ರತ ಕೆಡಿಸಿದ ಪಾಪ. ಎರಡು ದಿನ ಅವರ ಮುಖ ನೋಡಿ ಮಾತಾಡಲಾಗಲಿಲ್ಲ. ಮೂರನೆಯ ದಿನ ತಡೆಯಲಾಗದೆ ಅಂದುಬಿಟ್ಟ:

“ರಾಧಾಬಾಯಾರ, ತಪ್ಪಾಗೇದ್ರಿ. ಈ ಗಿಡಕ್ಕ ನಾ ಹೊಡದದ್ದು ಬಳ್ಳೊಳ್ಳಿ ನೀರು.”

ರಾಧಾಬಾಯಿ ಕೊಯ್ದ ಹೂವನ್ನು ಕೈಯಲ್ಲೇ ಹಿಡಿದು ನಿಂತರು. ಸಿಟ್ಟಾಗಲಿಲ್ಲ. ಮುಖ ಮಾತ್ರ ಸಣ್ಣದಾಯಿತು.

“ನನಗ ಮೂಗಿಲ್ಲೇನ್ರಿ? ಮೊದಲನೇ ದಿನಾನ ವಾಸನಿ ಬಂತು.”

“ಮತ್ತ ದೇವರಿಗೆ?”

“ದೇವರಿಗೆ ಪ್ಯಾಟಿ ಹೂವ ತರಸ್ತೀನಿ. ನಿಮ್ಮವನ್ನ ಒಂದ್ ಲೋಟಾದಾಗ ನೀರ್ ಹಾಕಿ ನನ್ನ ಹಾಸಿಗಿ ಕಡೆ ಇಟ್ಕೋತೀನಿ.”

ಸಂಕಪ್ಪನಿಗೆ ಜೀವ ಬಂದಂತಾಯಿತು. “ಹಂಗಾರ ಚಿಂತಿಲ್ಲ ಬಿಡ್ರಿ. ಇನ್ನ ಮುಂದೂ ಹಂಗ ಒಯ್ರಿ.”

“ಹ್ಯಾಂಗ ಒಯ್ಯಲಿ?” ರಾಧಾಬಾಯಿ ಬುಟ್ಟಿ ಕೆಳಗಿಟ್ಟರು. “ಪೂಜಿ ಹೂವಿಗೆ ಅಂತ ಹೇಳಿ ಇಳಿದು ಬರತಿದ್ದೆ. ನೀವು ಬಾಯಿ ಬಿಡೂತನಕ ಅದು ಸುಳ್ಳಂತ ನನಗೂ ಅನಸ್ತಿದ್ದಿಲ್ಲ. ಈಗ ಸ್ನೇಹಲ್ ಕೇಳಿದ್ರ ಏನಂತ ಹೇಳಲಿ? ಕೆಳಗಿನವರ ಕೂಡ ಮಾತಾಡಲಿಕ್ಕೆ ಹೋಗ್ತೀನಿ ಅನ್ಲೇನ್ರಿ, ಈ ವಯಸ್ಸಿನಾಗ?” ಕೊನೆಗೆ, “ಹೇಳದ ಇದ್ದಿದ್ರ ಏನಾಗ್ತಿತ್ರಿ ನಿಮಗ?” ಅಂದರು.

ಹೂವುಗಳನ್ನು ಗಿಡದ ಬುಡದಲ್ಲಿ ಮೆಲ್ಲನೆ ಇಟ್ಟು ಖಾಲಿ ಬುಟ್ಟಿ ಎತ್ತಿಕೊಂಡರು. ಸುಮ್ಮನೆ ಬರ್ರಿ, ಹೂವಿಗಲ್ಲ, ಮಾತಿಗೇ ಬರ್ರಿ ಎಂದು ಹೇಳಬೇಕೆಂದು ಸಂಕಪ್ಪನಿಗೆ ಎದೆ ಒಡೆಯುವಷ್ಟು ಆಸೆ. ಆದರೆ ಆತ ಬಗ್ಗಿ ಆ ಹೂವುಗಳನ್ನು ಎತ್ತಿಕೊಳ್ಳುತ್ತ ಕೂತ. ರಾಧಾಬಾಯಿ ಮೆಟ್ಟಿಲು ಹತ್ತಿದರು, ಮೇಲೆ ಬಾಗಿಲು ಮುಚ್ಚಿದ ಸಪ್ಪಳವಾಯಿತು.

“ಸುಮ್ಮನ ಬರ್ರಿ,” ಅಂದ ಸಂಕಪ್ಪ, ಆಗ.