ಮುನ್ನೂರು ಪೆಟ್ಟು

ಹೋಮಿಯೋಪಥಿ ಔಷಧಿ ತಯಾರಿಸುವ ಎರಡೇ ಕೋಣೆಯ ಜಾಗದಲ್ಲಿ ನಾನು ಹತ್ತೊಂಬತ್ತು ವರ್ಷ ಬಾಟಲಿ ಕುಟ್ಟಿದ್ದೇನೆ. ಮೂಲಸಾರ ಒಂದು ಹನಿ, ಸ್ಪಿರಿಟ್ ತೊಂಬತ್ತೊಂಬತ್ತು ಹನಿ. ಮುಚ್ಚಳ ಬಿಗಿದು ಚರ್ಮದ ದಿಂಬಿನ ಮೇಲೆ ಹತ್ತು ಪೆಟ್ಟು. ಅದರಿಂದ ಒಂದು ಹನಿ ತೆಗೆದು ಮತ್ತೆ ತೊಂಬತ್ತೊಂಬತ್ತಕ್ಕೆ ಸೇರಿಸಿ ಮತ್ತೆ ಹತ್ತು ಪೆಟ್ಟು. ಇಂಥ ಮೂವತ್ತು ಸುತ್ತು ಮುಗಿದರೆ ಚೀಟಿಯ ಮೇಲೆ ಮೂವತ್ತು ಎಂದು ಬರೆಯಬಹುದು.

ಕಣ್ಣಲ್ಲಿ ನೀರು ತರಿಸುವ ಈರುಳ್ಳಿಯೇ ನೆಗಡಿಗೆ ಮದ್ದು, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಿದ್ದರು ದೊಡ್ಡ ಯಜಮಾನರು. ನನ್ನ ನಂಬಿಕೆ ಅಷ್ಟಕ್ಕಷ್ಟೇ. ಬೀಪಿಗೆ ದೊಡ್ಡಾಸ್ಪತ್ರೆಯ ಮಾತ್ರೆಯನ್ನು ಅವರೆದುರೇ ನುಂಗುತ್ತಿದ್ದೆ. ಅವರು ನಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಅವರ ಅಳಿಯ ಬಂದು ಕುರ್ಚಿ ಹಿಡಿದ. ಓದಿದವನು, ತೊಂದರೆಯೇ ಅದು. ಒಂದು ಬೆಳಿಗ್ಗೆ ನಲವತ್ತು ಬಾಟಲಿಗೆ ಬರೀ ಸ್ಪಿರಿಟ್ ತುಂಬಿಸಿ ನನ್ನ ಮೇಜಿನ ಮೇಲೆ ಇಟ್ಟಿದ್ದ.

"ಅಕ್ಕಾ, ಇನ್ಮೇಲೆ ಕುಟ್ಟೋದು ಬೇಡ. ಚೀಟಿ ಅಂಟಿಸಿ, ತಯಾರಿ ಪುಸ್ತಕಕ್ಕೆ ಸಹಿ ಹಾಕಿ, ಸಾಕು."

"ಔಷಧಿ ಎಲ್ಲಿ ಇದರೊಳಗೆ?"

"ಹನ್ನೆರಡು ಸುತ್ತು ದಾಟಿದ ಮೇಲೆ ಹೇಗೂ ಒಂದು ಕಣನೂ ಉಳಿಯಲ್ಲ. ಯಾವ ಲ್ಯಾಬಿಗೂ ಗೊತ್ತಾಗಲ್ಲ. ಗಾಳಿ ಗುದ್ದಿ ಮೈ ಯಾಕೆ ನೋಯಿಸ್ಕೋತೀರಾ?"

ಅವನ ಲೆಕ್ಕ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

"ಹಾಗಾದ್ರೆ ಚೀಟೀಲಿ ಬರೀ ಸ್ಪಿರಿಟ್ ಅಂತಾನೇ ಬರೀರಿ."

"ನೀವೇ ಇದನ್ನ ನಂಬಲ್ವಲ್ಲ!"

"ನಂಬದೇ ಇರೋಳು ನಾನು, ಇಷ್ಟು ವರ್ಷದಲ್ಲಿ ಒಂದು ಪೆಟ್ಟು ಕದ್ದಿಲ್ಲ. ಜನಕ್ಕೆ ನಂಬಿಸಿ ಮಾರೋ ನಿಮಗೇನು ಬಂತು ಕೇಡು?"

ಅವನ ಮುಖ ಸಣ್ಣದಾಯಿತು. "ಸಹಿ ಹಾಕಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ."

ಹೆದರಿದೆ, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಬೆನ್ನು ಮುರಿದುಕೊಂಡು ಮಲಗಿರುವ ಗಂಡ. ಉರಿಯುವ ಒಲೆ ನನ್ನ ದುಡಿಮೆಯದು. ಐವತ್ಮೂರು ವರ್ಷದವಳು, ಬಾಟಲಿ ಕುಟ್ಟಲು ಬರುತ್ತದೆ ಎಂದು ಹೋಗಿ ನಿಂತರೆ ಯಾರು ಕೆಲಸ ಕೊಡುತ್ತಾರೆ? ಸಹಿ ಹಾಕುವುದಕ್ಕೆ ಎಷ್ಟು ಹೊತ್ತು ಬೇಕು, ಹಾಕಿಬಿಡು ಎಂದು ಹೊಟ್ಟೆಯೇ ನನಗೆ ಬುದ್ಧಿ ಹೇಳಿತು.

ಪುಸ್ತಕ ಎಳೆದುಕೊಂಡೆ. ಮೂಲಸಾರ ಎಂಬಲ್ಲಿ ಸೊನ್ನೆ ಬರೆದೆ. ಸುತ್ತು ಎಂಬಲ್ಲಿ ಸೊನ್ನೆ, ಪೆಟ್ಟು ಎಂಬಲ್ಲಿಯೂ ಸೊನ್ನೆ. ನಲವತ್ತು ಬಾಟಲಿಗೂ ಹಾಗೇ ಬರೆದು ಕೆಳಗೆ ನನ್ನ ಪೂರ್ತಿ ಹೆಸರು ಸಹಿ ಮಾಡಿದೆ.

ಅವನು ಪುಸ್ತಕ ಕಿತ್ತುಕೊಂಡ. "ಏನ್ರೀ ಇದು? ಪುಟಪುಟಕ್ಕೂ ನಂಬರಿದೆ, ಸರ್ಕಾರದ ಮೊಹರಿದೆ. ಹರಿಯೋಕೂ ಆಗಲ್ಲ!"

"ಗೊತ್ತು. ಸಹಿ ಕೇಳಿದ್ರಿ, ಹಾಕಿದ್ದೀನಿ."

ಚೀಲ ಹೆಗಲಿಗೇರಿಸಿದೆ. ಕೆಲಸ ಹೋಯಿತು, ಹೋಗಲಿ. ಆ ಬಾಟಲಿಗಳಲ್ಲಿ ಒಂದನ್ನಾದರೂ ಅವನು ಮಾರಬೇಕಾದರೆ ಮೊದಲು ನನ್ನ ಹೆಸರನ್ನು ದಾಟಬೇಕು.